ಈ ಮಣ್ಣನ್ನು ಮಾತ್ರ ಒಣಗಿಸಬೇಡಿ

ಮಣ್ಣು ಪರೀಕ್ಷೆಯ ಕೆಲಸದಲ್ಲಿರುವವರ ಕೈಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಮಾದರಿ ಬಂದ ತಕ್ಷಣ ಹಾಳೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸುವುದು. ಒಣಗಿದ ಹೆಂಟೆಗಳನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ, ಎರಡು ಮಿಲಿಮೀಟರ್ ಜರಡಿ ಹಿಡಿಯುವುದು. ಆಮೇಲೆ ಡಬ್ಬಿಗೆ ತುಂಬಿ ಚೀಟಿ ಅಂಟಿಸುವುದು. ನಾನು ಹನ್ನೊಂದು ವರ್ಷ ಹೀಗೇ ಮಾಡಿದವಳು. ಎಲ್ಲ ಮಣ್ಣಿಗೂ ಇದೇ ಸರಿ ಅಂತ ನಂಬಿದ್ದೆ. ಒಂದು ಬೆಟ್ಟದ ಮಣ್ಣು ಆ ನಂಬಿಕೆಯನ್ನು ಕಿತ್ತು ಹಾಕಿತು.

ಅದು ಜ್ವಾಲಾಮುಖಿಯ ಇಳಿಜಾರು. ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರ. ಮರಗಳೆಲ್ಲ ಕೆಳಗೇ ಮುಗಿದುಹೋಗಿದ್ದವು. ಮೇಲೆ ಬರೀ ಗುಪ್ಪೆ ಗುಪ್ಪೆಯಾಗಿ ಬೆಳೆದ ಹುಲ್ಲು, ಮಂಜು, ಬಿಡದೆ ಜಿನುಗುವ ಮಳೆ. ಎದೆಯುದ್ದದ ಗುಂಡಿ ತೋಡಬೇಕಿತ್ತು. ಬೆಟ್ಟದ ಮಣ್ಣು ಅಲ್ವಾ, ಕಲ್ಲು ಸಿಗುತ್ತದೆ, ಅರ್ಧ ದಿನವಾದರೂ ಬೇಕು ಅಂದುಕೊಂಡೆ. ಸನಿಕೆ ಮೇಲೆ ಕಾಲಿಟ್ಟರೆ ಸರಕ್ಕನೆ ಇಳಿಯಿತು. ಒಂದು ಗಂಟೆಗೆಲ್ಲ ಗುಂಡಿ ಮುಗಿಯಿತು.

ಮೇಲಿನ ಅರವತ್ತು ಸೆಂಟಿಮೀಟರ್ ಕಾಡಿಗೆ ಕಪ್ಪು. ಅದರ ಕೆಳಗೆ ಹಳದಿ ಮಿಶ್ರಿತ ಕಂದು. ನಡುವೆ ಬೂದು ಬಣ್ಣದ ಒಂದು ತೆಳು ಗೆರೆ, ಯಾವತ್ತೋ ಒಮ್ಮೆ ಬೆಟ್ಟ ಉಗುಳಿದ ಬೂದಿ. ಅದರ ಕೆಳಗೆ ಮತ್ತೆ ಕಪ್ಪು. ಆ ಕೆಳಗಿನ ಕಪ್ಪು ಒಂದು ಕಾಲಕ್ಕೆ ಮೇಲ್ಮಣ್ಣಾಗಿತ್ತು. ಅದರ ಮೇಲೂ ಹುಲ್ಲು ಬೆಳೆದಿತ್ತು. ಬೂದಿ ಬಿದ್ದು ಮುಚ್ಚಿಹೋಯಿತು, ಅದರ ಮೇಲೆ ಹೊಸ ಮಣ್ಣು ಹುಟ್ಟಿತು. ಗುಂಡಿಯ ಗೋಡೆ ನೋಡುತ್ತಾ ನಾನು ತುಂಬಾ ಹೊತ್ತು ಸುಮ್ನೆ ನಿಂತಿದ್ದೆ.

ಕಪ್ಪು ಪದರದಿಂದ ಒಂದು ಹೆಂಟೆ ಎತ್ತಿಕೊಂಡೆ. ಆ ಗಾತ್ರದ ಹೆಂಟೆಗೆ ಎಷ್ಟು ಭಾರ ಇರಬೇಕು ಅಂತ ಕೈಗೆ ಗೊತ್ತಿರುತ್ತದೆ. ಅಷ್ಟು ಭಾರ ಇರಲಿಲ್ಲ. ಸಾಮಾನ್ಯ ಹೊಲದ ಮಣ್ಣು ಒಂದು ಘನ ಸೆಂಟಿಮೀಟರಿಗೆ 1.2ರಿಂದ 1.5 ಗ್ರಾಂ ತೂಗುತ್ತದೆ, ನೀರು ಬಿಟ್ಟು ಒಣ ತೂಕದ ಲೆಕ್ಕದಲ್ಲಿ. ಈ ಜಾತಿಯ ಮಣ್ಣು ಸಾಮಾನ್ಯವಾಗಿ 0.9 ದಾಟುವುದಿಲ್ಲ. 0.4ರ ಆಸುಪಾಸಿನದೂ ಇದೆ. ಅಂದರೆ ಮಣ್ಣಿನ ಗಾತ್ರದಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ, ಟೊಳ್ಳು ಜಾಗ. ಗಾಳಿ ಮತ್ತು ನೀರು ಇರುವ ಜಾಗ.

ಒಂದು ಚಿಟಿಕೆ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಹದವಾಗಿ ಪುಡಿಯಾಗುವ ಮಣ್ಣಿನ ಹಾಗೇ ಇತ್ತು. ಇನ್ನೂ ಜೋರಾಗಿ ಒತ್ತಿದೆ. ಇದ್ದಕ್ಕಿದ್ದ ಹಾಗೆ ಬೆರಳು ಜಾರಿತು. ಮಣ್ಣು ಪಚಕ್ಕನೆ ನೀರು ಬಿಟ್ಟು ಜಿಡ್ಡಾಯಿತು. ಜೇಡಿಯ ಹಾಗೆ ಅಂಟಲಿಲ್ಲ, ಎಳೆ ಬರಲಿಲ್ಲ, ಬೆರಳಿಗೆ ಸವರಿಕೊಂಡಿತು ಅಷ್ಟೇ. ಒತ್ತುವುದು ಬಿಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡೆ. ಮತ್ತೆ ಗಟ್ಟಿಯಾಯಿತು. ಅಷ್ಟೊಂದು ನೀರು ಒಳಗೇ ಇತ್ತು, ಹೊರಗೆ ಒಂದು ಹನಿಯೂ ಕಂಡಿರಲಿಲ್ಲ.

ಇದಕ್ಕೆ ಆಂಡೋಸಾಲ್ ಅಂತ ಹೆಸರು. ಜಪಾನಿ ಮಾತಿನಲ್ಲಿ 'ಆನ್' ಅಂದರೆ ಕಪ್ಪು, 'ದೋ' ಅಂದರೆ ಮಣ್ಣು. ಕಪ್ಪು ಮಣ್ಣು ಅಂದ ಕೂಡಲೇ ಬಿರುಕು ಬಿಡುವ ಎರೆ ಮಣ್ಣು ನೆನಪಾಗುತ್ತದೆ, ನಿಜ. ಅದೂ ಜ್ವಾಲಾಮುಖಿ ಬಂಡೆಯಿಂದಲೇ ಹುಟ್ಟಬಹುದು. ಆದರೆ ಸ್ವಭಾವ ಪೂರ್ತಿ ಬೇರೆ. ಎರೆ ಮಣ್ಣು ಭಾರ, ಅಂಟು. ಇದು ಹಗುರ, ಜಾರು. ಅಮೆರಿಕದ ಮಣ್ಣಿನ ವರ್ಗೀಕರಣದಲ್ಲಿ ಇದಕ್ಕೆ ಬೇರೆಯೇ ಗುಂಪು ಬೇಕು ಅಂತ ಮಣ್ಣು ವಿಜ್ಞಾನಿ ಗೈ ಸ್ಮಿತ್ 1978ರಲ್ಲಿ ಸಲಹೆ ಕೊಟ್ಟರು. ಆ ಗುಂಪು ಸೇರಿದ್ದು 1990ರಲ್ಲಿ. ಮೊದಲ ಸಲ ಇದನ್ನು ಓದಿದಾಗ, ಇಷ್ಟು ತಡ ಯಾಕೆ ಅನ್ನಿಸಿತ್ತು. ಬೆರಳಲ್ಲಿ ಒಮ್ಮೆ ಒತ್ತಿದರೆ ಸಾಕು, ಬೇರೆ ಜಾತಿ ಅಂತ ತಿಳಿಯುತ್ತದೆ.

ಇದರ ಗುಟ್ಟು ಬೂದಿಯಲ್ಲಿದೆ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯ ಹಾಗಲ್ಲ. ಅದು ಕಲ್ಲಿನ ಹುಡಿ, ಅದರಲ್ಲಿ ಬಹುಪಾಲು ಗಾಜು. ಕರಗಿದ ಕಲ್ಲು ಗಾಳಿಯಲ್ಲಿ ಗಕ್ಕನೆ ತಣ್ಣಗಾದಾಗ ಅಣುಗಳಿಗೆ ಸಾಲಾಗಿ ನಿಲ್ಲಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಹರಳು ಕಟ್ಟುವುದಿಲ್ಲ. ಇಂಥ ಗಾಜು ಮಳೆ ನೀರಿಗೆ ಬೇಗ ಸೋಲುತ್ತದೆ. ಅದರಿಂದ ಸಿಲಿಕಾ, ಅಲ್ಯೂಮಿನಿಯಂ, ಕಬ್ಬಿಣ ಒಟ್ಟಿಗೆ ಬಿಡುಗಡೆಯಾಗುತ್ತವೆ. ಅವಸರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಹೀಗೆ ಹುಟ್ಟುವುದೇ ಅಲೋಫೇನ್ ಅನ್ನುವ ಖನಿಜ.

ಅಲೋಫೇನ್ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ. ಮಾಮೂಲಿ ಜೇಡಿಯ ಕಣಗಳು ಹಾಳೆಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಅಲೋಫೇನ್ ಹಾಗಲ್ಲ, ಅದು ಟೊಳ್ಳು ಉಂಡೆ. ಅಡ್ಡಳತೆ ಬರೀ 3.5ರಿಂದ 5 ನ್ಯಾನೋಮೀಟರ್. ಉಂಡೆಯ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿಗಳು. ಒಳಗೂ ನೀರು, ಹೊರಗೂ ನೀರು. ಇದರ ಅಣ್ಣನೋ ತಮ್ಮನೋ ಅನ್ನಬಹುದಾದ ಇಮೋಗೊಲೈಟ್ ಕೊಳವೆಯ ಆಕಾರದ್ದು. ಅದನ್ನು ಜಪಾನಿನಲ್ಲಿ 1962ರಲ್ಲಿ ಗುರುತಿಸಿದರು. ಇಂಥ ಉಂಡೆ, ಕೊಳವೆಗಳನ್ನು ಒಂದು ಗ್ರಾಂ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಮೈ. ಅಷ್ಟೂ ಮೈಗೆ ನೀರು ಅಂಟಿಕೊಂಡಿರುತ್ತದೆ. ನನ್ನ ಬೆರಳಿಗೆ ಸಿಕ್ಕ ಜಿಡ್ಡು ಇದೇ.

ಎತ್ತರಕ್ಕೂ ಇದರಲ್ಲಿ ಪಾಲಿದೆ. ಮೇಲೆ ಚಳಿ ಜಾಸ್ತಿ. ಹುಲ್ಲಿನ ಬೇರು ಸತ್ತರೆ ಕೊಳೆಯುವುದು ತುಂಬಾ ನಿಧಾನ. ಜೊತೆಗೆ ಅಲ್ಯೂಮಿನಿಯಂ ಆ ಕೊಳೆತ ಪದಾರ್ಥವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಆ ಕಪ್ಪು ಬಣ್ಣ ಸಾವಿರಾರು ವರ್ಷ ಉಳಿಯುತ್ತದೆ. ಮಣ್ಣು ತುಂಬಾ ಹುಳಿಯಾಗಿದ್ದರೆ, ಅಂದರೆ ಪಿಎಚ್ 5ಕ್ಕಿಂತ ಕೆಳಗಿದ್ದರೆ, ಅಲ್ಯೂಮಿನಿಯಂ ಬಹುತೇಕ ಹೀಗೇ ಖರ್ಚಾಗಿ ಅಲೋಫೇನ್ ಕಟ್ಟಲು ಉಳಿಯುವುದೇ ಇಲ್ಲ. ಭೂಮಿಯ ನೆಲದಲ್ಲಿ ಆಂಡೋಸಾಲ್ ಇರುವುದು ಶೇ 1ರ ಆಸುಪಾಸು ಮಾತ್ರ. ಆದರೆ ಮಣ್ಣುಗಳಲ್ಲಿರುವ ಒಟ್ಟು ಇಂಗಾಲದಲ್ಲಿ ಇದರ ಪಾಲು ಶೇ 5ರ ಹತ್ತಿರ.

ಇಷ್ಟು ಸಮೃದ್ಧ ಮಣ್ಣಿಗೂ ಒಂದು ಕೊರತೆ ಇದೆ. ಗಿಡಕ್ಕೆ ಬೇಕಾದ ರಂಜಕ, ಅಂದರೆ ಫಾಸ್ಫರಸ್, ಹಾಕಿದರೆ ನುಂಗಿಬಿಡುತ್ತದೆ. ಪ್ರಯೋಗಾಲಯದಲ್ಲಿ ರಂಜಕದ ದ್ರಾವಣದ ಜೊತೆ ಕಲಕಿದರೆ ಶೇ 85ಕ್ಕಿಂತ ಜಾಸ್ತಿ ಮಣ್ಣಿಗೇ ಅಂಟಿಕೊಳ್ಳುತ್ತದೆ. ಗಿಡದ ಕಣ್ಣೆದುರೇ ಊಟ ಇದೆ, ಬಾಯಿಗೆ ಸಿಗುವುದಿಲ್ಲ.

ಗುಂಡಿಯ ಪಕ್ಕದಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕ್ಷಾರ ಸೋಕಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಸವರಿದ ಕಾಗದದ ಮೇಲೆ ಚೂರು ಮಣ್ಣಿಟ್ಟು ಸೋಡಿಯಂ ಫ್ಲೋರೈಡ್ ದ್ರಾವಣ ಹನಿಸುವುದು. ಫ್ಲೋರೈಡ್ ಅಲ್ಯೂಮಿನಿಯಂಗೆ ಅಂಟಿಕೊಂಡು, ಅಲ್ಲಿದ್ದ ಹೈಡ್ರಾಕ್ಸಿಲ್ ಅನ್ನು ಹೊರಗೆ ತಳ್ಳುತ್ತದೆ. ಅದರಿಂದ ದ್ರಾವಣ ಕ್ಷಾರವಾಗಿ ಕಾಗದ ಗುಲಾಬಿಯಾಗುತ್ತದೆ. ಕಪ್ಪು ಮಣ್ಣಿನ ಸುತ್ತ ನಿಧಾನಕ್ಕೆ ಗುಲಾಬಿ ಹರಡುವುದನ್ನು ಮಂಜಿನಲ್ಲಿ ಕೂತು ನೋಡಿದ್ದು ಇನ್ನೂ ಕಣ್ಣಲ್ಲಿದೆ.

ಕೆಳಗಿಳಿದ ಮೇಲೆ ತಪ್ಪು ಮಾಡಿದೆ. ಅಭ್ಯಾಸ ಬಲದಿಂದ ಅರ್ಧ ಚೀಲಗಳನ್ನು ಹಾಳೆಯ ಮೇಲೆ ಹರಡಿದೆ. ಎರಡು ವಾರದಲ್ಲಿ ಕಪ್ಪು ಬಣ್ಣ ಮಾಸಿ ಬೂದು ಬಂತು. ಜಿಡ್ಡು ಹೋಯಿತು. ಮುಟ್ಟಿದರೆ ಒರಟು ಮರಳಿನ ಹಾಗೆ ಗರಗರ. ನೀರಿನಲ್ಲಿ ಕಲಕಿ ಕಣಗಳ ಗಾತ್ರ ಅಳೆದರೆ ಜೇಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವರದಿಯಲ್ಲಿ ಮರಳು ಮಣ್ಣು ಅಂತ ಬರೆಯಬೇಕಾಗುತ್ತಿತ್ತು. ಅನುಮಾನ ಬಂದು ಒಂದು ಹನಿ ನೀರು ಬಿಟ್ಟೆ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಗೆ ನಿಂತಿತು. ಒಳಗೆ ಇಳಿಯಲೇ ಇಲ್ಲ. ಬೆಟ್ಟದ ಮೇಲೆ ಅಷ್ಟು ನೀರು ಹೊತ್ತಿದ್ದ ಮಣ್ಣು ಒಂದು ಹನಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಆದದ್ದು ಇಷ್ಟು. ನೀರು ಹೋದಾಗ ಆ ಟೊಳ್ಳು ಉಂಡೆಗಳು ಒಂದಕ್ಕೊಂದು ಒತ್ತಿಕೊಂಡು ಗಂಟು ಕಟ್ಟುತ್ತವೆ. ಸಾವಯವ ಪದಾರ್ಥದ ನೀರೊಲ್ಲದ ಭಾಗ ಹೊರಗೆ ತಿರುಗುತ್ತದೆ. ಮತ್ತೆ ನೆನೆಸಿದರೂ ಅದು ಮೊದಲಿನ ಮಣ್ಣಾಗುವುದಿಲ್ಲ. ಬೇರೆ ಮಣ್ಣುಗಳಿಗೆ ಒಣಗುವುದು ಒಂದು ಋತು. ಇದಕ್ಕೆ ಹಾಗಲ್ಲ, ಒಮ್ಮೆ ಪೂರ್ತಿ ಒಣಗಿದರೆ ಮುಗಿಯಿತು.

ಬೆಟ್ಟದ ಮೇಲೂ ಇದೇ ನಡೆಯುತ್ತದೆ ಅಂತ ಆಮೇಲೆ ಹೊಳೆಯಿತು. ಗುಂಡಿಗೆ ಹೋಗುವ ದಾರಿಯಲ್ಲಿ ಹುಲ್ಲು ಸುಟ್ಟ ಒಂದು ತುಂಡು ಜಾಗ ಇತ್ತು. ಮೇಲೆ ಬೂದು ಹರಳು ಹರಳಾದ ಮಣ್ಣು. ಮಳೆ ಬರುತ್ತಿದ್ದರೂ ಅದು ನೆನೆದಿರಲಿಲ್ಲ. ನೀರು ಮೇಲೆ ಮೇಲೆ ಹರಿದು, ಆ ಹಗುರ ಹರಳುಗಳನ್ನು ತೇಲಿಸಿಕೊಂಡು ಹೋಗುತ್ತಿತ್ತು. ಅವತ್ತು ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ಈಕ್ವೆಡಾರಿನ ರಾಜಧಾನಿ ಕೀಟೊಗೆ ಕುಡಿಯುವ ನೀರು ಬಹುಪಾಲು ಬರುವುದು ಆಂಡಿಸ್ ಪರ್ವತದ ಇಂಥದೇ ಹುಲ್ಲುಗಾವಲುಗಳಿಂದ. ಅಲ್ಲಿ ಹುಲ್ಲು ಸುಡುವುದು, ಉಳುವುದು, ಜಾಸ್ತಿ ಮೇಯಿಸುವುದು ಎಲ್ಲ ಸೇರಿ ಮಣ್ಣನ್ನು ಬಿಸಿಲಿಗೆ ತೆರೆದಿಡುತ್ತವೆ. ಹುಲ್ಲಿನ ಹೊದಿಕೆ ಹೋದರೆ ಮಣ್ಣಿನ ಮೇಲ್ಮೈ ನನ್ನ ಹಾಳೆಯ ಮೇಲಿನ ಮಣ್ಣಿನ ಹಾಗೇ ಆಗುತ್ತದೆ.

ಉಳಿದರ್ಧ ಚೀಲಗಳನ್ನು ಎರಡೆರಡು ಪ್ಲಾಸ್ಟಿಕ್ ಹೊದಿಕೆ ಹಾಕಿ ಫ್ರಿಜ್‌ನಲ್ಲಿ ಇಟ್ಟೆ. ಎಲ್ಲ ಪರೀಕ್ಷೆಯನ್ನೂ ಹಸಿ ಮಣ್ಣಿನಲ್ಲೇ ಮಾಡಿ, ತೂಕದ ಲೆಕ್ಕ ಆಮೇಲೆ ಸರಿ ಮಾಡಿಕೊಂಡೆ. ಕೆಲಸ ಜಾಸ್ತಿ, ಆದರೆ ಬೇರೆ ದಾರಿ ಇಲ್ಲ. ಈಗ ಎತ್ತರದ ಜ್ವಾಲಾಮುಖಿ ಬೆಟ್ಟದಿಂದ ಯಾವ ಮಾದರಿ ಬಂದರೂ ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ 'ಒಣಗಿಸಬೇಡಿ' ಅಂತ ಬರೆದೇ ಒಳಗಿಡುತ್ತೇನೆ. ಮೊನ್ನೆ ಆ ಹಳೆಯ ಚೀಲ ಒಂದನ್ನು ಬಿಚ್ಚಿ ಚಿಟಿಕೆ ಮಣ್ಣು ಒತ್ತಿ ನೋಡಿದೆ. ಬೆರಳು ಜಾರಿತು.