ಓಡಿಸಿದರೆ ರೇಟು ಬೀಳಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಲ್ಲಿ ಡೆಟ್ರಾಯಿಟ್‌ನಲ್ಲಿ ಪಂಪ ಕನ್ನಡ ಕೂಟದ ಕಾರ್ಯಕ್ರಮ ಮುಗಿಸಿ, ಊಟ ಮಾಡಿ ಪಾರ್ಕಿಂಗಿಗೆ ಬಂದರೆ ನನ್ನ ಗಾಡಿ ಹತ್ತಿರ ಒಬ್ಬಿಬ್ಬರು ನಿಂತಿರುತ್ತಾರೆ. ಮೊದಲು ಬಾನೆಟ್ ಮೇಲಿನ ಗಾಳಿಕಿಂಡಿ ನೋಡುತ್ತಾರೆ. ಆಮೇಲೆ ಪಕ್ಕದಲ್ಲಿರುವ ಬೆಕ್ಕಿನ ತಲೆಯ ಬ್ಯಾಡ್ಜ್. ಆಮೇಲೆ ಗಾಜಿನಿಂದ ಒಳಗೆ ಇಣುಕುತ್ತಾರೆ. ಹಿಂದಿನ ಸೀಟಿನಲ್ಲಿ ಮಗಳ ಆಟದ ಶೂ, ಕಡ್ಲೆಪುರಿ ಡಬ್ಬ, ಅರ್ಧ ಕುಡಿದ ನೀರಿನ ಬಾಟಲಿ. ಆಗ ಪ್ರಶ್ನೆ ಬರುತ್ತದೆ. "ಅಣ್ಣಾ, ಇದು ಲಿಮಿಟೆಡ್ ಗಾಡಿ ಅಲ್ವಾ? ಹೀಗೆ ಓಡಿಸಿದ್ರೆ ರೇಟು ಬೀಳಲ್ವಾ? ಮುಚ್ಚಿಟ್ಟಿದ್ರೆ ಡಬಲ್ ಆಗ್ತಿತ್ತಲ್ಲ?"

ನಿಂತ ಜಾಗದಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಗಾಡಿ 2021ರ ಡಾಡ್ಜ್ ಡುರಾಂಗೊ ಎಸ್‌ಆರ್‌ಟಿ ಹೆಲ್‌ಕ್ಯಾಟ್. ಮೂರು ಸಾಲು ಸೀಟಿನ ಮನೆಮಂದಿಯ ಎಸ್‌ಯುವಿ, ಆದರೆ ಒಳಗಿರುವುದು 6.2 ಲೀಟರಿನ ವಿ8 ಎಂಜಿನ್, ಅದರ ಮೇಲೊಂದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. 710 ಅಶ್ವಶಕ್ತಿ. ಊರಲ್ಲಿ ನಮ್ಮಣ್ಣ ಓಡಿಸುವ ಇನ್ನೋವಾ ಕ್ರಿಸ್ಟಾದ್ದು 150ರ ಹತ್ತಿರ. ಎರಡೂವರೆ ಟನ್ನಿಗೂ ಜಾಸ್ತಿ ತೂಕದ ಈ ಗಾಡಿ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟುವುದು 3.5 ಸೆಕೆಂಡಿನಲ್ಲಿ ಎನ್ನುತ್ತದೆ ಕಂಪನಿ. 8,700 ಪೌಂಡ್ ತೂಕವನ್ನು ಹಿಂದೆ ಕಟ್ಟಿಕೊಂಡು ಎಳೆಯಲೂಬಹುದು. ತಯಾರಾಗುವುದು ಡೆಟ್ರಾಯಿಟ್ ಊರೊಳಗೇ ಇರುವ ಜೆಫರ್ಸನ್ ನಾರ್ತ್ ಕಾರ್ಖಾನೆಯಲ್ಲಿ. ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿ.

"ಲಿಮಿಟೆಡ್" ಅನ್ನುವ ಮಾತಿಗೆ ಬರೋಣ. ಎಲ್ಲ ಗೊಂದಲ ಇರುವುದು ಅಲ್ಲೇ.

2020ರಲ್ಲಿ ಈ ಗಾಡಿಯನ್ನು ತೋರಿಸಿದಾಗ ಕಂಪನಿ ಹೇಳಿದ್ದು, ಇದು 2021ರ ಮಾಡೆಲ್ ವರ್ಷಕ್ಕೆ ಮಾತ್ರ ಅಂತ. ಪೆಟ್ರೋಲ್ ಆವಿ ಹೊರಗೆ ಹೋಗುವುದರ ಬಗ್ಗೆ ಹೊಸ ನಿಯಮ ಬರಲಿತ್ತು, ಅದಕ್ಕೆ ಈ ಎಂಜಿನ್ ಹೊಂದುವುದಿಲ್ಲ ಅನ್ನುವುದು ಕಾರಣ. ಮೊದಲು 2,000 ಗಾಡಿ ಅಂದುಕೊಂಡಿದ್ದರು, ಬೇಡಿಕೆ ನೋಡಿ ಸುಮಾರು 3,000ಕ್ಕೆ ಏರಿಸಿದರು. ಸ್ಟಿಕರ್ ಬೆಲೆ, ಅಂದರೆ ಕಂಪನಿಯೇ ಹೇಳುವ ಬೆಲೆ, 80,995 ಡಾಲರಿನಿಂದ ಶುರು. ಇನ್ನು ಬರುವುದೇ ಇಲ್ಲ ಅಂದರೆ ಜನ ಬಿಡುತ್ತಾರಾ? ಸ್ಟಿಕರ್ ಬೆಲೆಯ ಮೇಲೆ ಸಾವಿರಾರು ಡಾಲರ್ ಕೊಟ್ಟು ಕೊಂಡವರಿದ್ದರು. ಕೊಂಡು ಗ್ಯಾರೇಜಿನಲ್ಲಿಟ್ಟು ಬಾಗಿಲು ಹಾಕಿದವರೂ ಇದ್ದರು.

2022ರ ಆಗಸ್ಟಿನಲ್ಲಿ ಪ್ರಕಟಣೆ ಬಂತು: 2023ಕ್ಕೆ ಹೆಲ್‌ಕ್ಯಾಟ್ ಡುರಾಂಗೊ ಮತ್ತೆ ಬರುತ್ತಿದೆ. 2021ರದನ್ನು ಕೊಂಡಿದ್ದ ಕೆಲವರು ಕೋರ್ಟ್ ಮೆಟ್ಟಿಲು ಹತ್ತಿದರು. ಗಾಡಿ ಮಾತ್ರ 2024, 2025ಕ್ಕೂ ಮುಂದುವರಿಯಿತು. ಅದರಲ್ಲೇ ಸಿಲ್ವರ್ ಬುಲೆಟ್, ಹ್ಯಾಮರ್‌ಹೆಡ್ ಅಂತ ಬೇರೆ ಬೇರೆ ವಿಶೇಷ ಆವೃತ್ತಿಗಳೂ ಬಂದವು.

ನನ್ನ ಗಾಡಿ ನನಗೆ ಸಿಕ್ಕಿದ್ದು ಈ ಗಲಾಟೆಯ ನಂತರ, 2023ರ ವಸಂತದಲ್ಲಿ. ಮೊದಲ ಮಾಲೀಕರು ಒಹಾಯೊದವರು. ರಿಟೈರ್ ಆದ ಹಿರಿಯರು. ಗ್ಯಾರೇಜಿನ ಬಾಗಿಲು ಮೇಲೆತ್ತಿದಾಗ ಕಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಡಿ ಮೇಲೆ ಮೆತ್ತನೆಯ ಬೂದು ಹೊದಿಕೆ. ಬ್ಯಾಟರಿ ಸಾಯದಿರಲಿ ಅಂತ ಹಾಕಿದ ಚಾರ್ಜರಿನ ಹಸಿರು ದೀಪ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಎಳೆಗಳಿರುತ್ತವಲ್ಲ, ಅವು ಪಕ್ಕದಲ್ಲಿ ಹಾಗೇ ಇದ್ದವು. ಮೂರನೇ ಸಾಲಿನ ಬೆಲ್ಟಿನ ಬಕಲ್‌ಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಯಾರೂ ತೆಗೆದಿರಲಿಲ್ಲ. ಓಡೋಮೀಟರಿನಲ್ಲಿ 312 ಮೈಲಿ.

ಅವರು ಸ್ಟಿಕರಿಗಿಂತ ಜಾಸ್ತಿ ಕೊಟ್ಟು ಕೊಂಡಿದ್ದರು. ನಾನು ಹೆಚ್ಚೂಕಡಿಮೆ ಸ್ಟಿಕರ್ ಬೆಲೆಗೇ ಕೊಂಡೆ. ಕಾಗದಕ್ಕೆಲ್ಲ ಸಹಿ ಆದ ಮೇಲೆ ಕೇಳಿದೆ, ಇದನ್ನು ಯಾವತ್ತಾದರೂ ಪೂರ್ತಿ ಒತ್ತಿ ಓಡಿಸಿದ್ದೀರಾ ಅಂತ. ಇಲ್ಲ ಅಂದರು. ಕೀ ಅವರ ಕೈಗೇ ಕೊಟ್ಟು ನಾನು ಪಕ್ಕದಲ್ಲಿ ಕೂತೆ. ಹೈವೇಗೆ ಸೇರುವ ರ‍್ಯಾಂಪಿನಲ್ಲಿ ಒತ್ತಿದರು. ಬೆನ್ನು ಸೀಟಿಗೆ ಅಂಟಿಕೊಂಡಿತು. ಮನೆಗೆ ವಾಪಸ್ ಬಂದು ಎಂಜಿನ್ ಆರಿಸಿದ ಮೇಲೂ ಅವರು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಸುಮಾರು ಹೊತ್ತು ಹಾಗೇ ಕೂತಿದ್ದರು. ನಾನೂ ಮಾತಾಡಿಸಲಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಭಾವನೆ ಪಕ್ಕಕ್ಕಿಟ್ಟೇ ನೋಡೋಣ.

80,000 ಡಾಲರ್ ಕೊಟ್ಟು ಗಾಡಿ ಕೊಂಡು ಮುಚ್ಚಿಟ್ಟಿರಿ ಅಂದುಕೊಳ್ಳಿ. 2023ರಲ್ಲಿ ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ ನೂರಕ್ಕೆ 5ರ ಹತ್ತಿರ ಬಡ್ಡಿ ಸಿಗುತ್ತಿತ್ತು. ವರ್ಷಕ್ಕೆ 4,000. ಮೂರು ವರ್ಷಕ್ಕೆ 12,000 ಮೇಲೆ. ಅಂದರೆ ಮೂರು ವರ್ಷ ಬಿಟ್ಟು ಗಾಡಿಯನ್ನು 92,000ಕ್ಕೆ ಮಾರಿದರೂ ನೀವು ಇದ್ದಲ್ಲೇ ಇದ್ದೀರಿ. ಇದಕ್ಕೆ ಇನ್ಶೂರೆನ್ಸ್ ಸೇರಿಸಿ. ನಮ್ಮ ಮಿಷಿಗನ್ ರಾಜ್ಯದಲ್ಲಿ ನಂಬರ್ ಪ್ಲೇಟಿನ ವಾರ್ಷಿಕ ಶುಲ್ಕ ಗಾಡಿಯ ಮೂಲ ಬೆಲೆಯ ಮೇಲೆ ನಿಲ್ಲುತ್ತದೆ, ಅದನ್ನೂ ಸೇರಿಸಿ. ಓಡಿಸದಿದ್ದರೂ ಆಯಿಲ್ ಹಳೆಯದಾಗುತ್ತದೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತದೆ, ಒಂದೇ ಕಡೆ ಭಾರ ಬಿದ್ದು ಟೈರ್ ಚಪ್ಪಟೆಯಾಗುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ. ಇಲಿ ಒಳಗೆ ಸೇರಿ ವೈರ್ ಕಡಿದರೆ ಅದು ಬೇರೆ ಕಥೆ.

ಈಗ ನನ್ನ ಕಡೆಯ ಲೆಕ್ಕ. ನನ್ನ ಓಡೋಮೀಟರ್ ಈಗ 13,860ರಲ್ಲಿದೆ. 312 ಮೈಲಿಯಲ್ಲೇ ನಿಂತ ಇಂಥದೇ ಗಾಡಿಗೂ ನನ್ನ ಗಾಡಿಗೂ ಮಾರುವಾಗ 12,000 ಡಾಲರ್ ವ್ಯತ್ಯಾಸ ಬಂತು ಅಂತಲೇ ಇಟ್ಟುಕೊಳ್ಳಿ. ಮೈಲಿಗೆ ಒಂದು ಡಾಲರ್ ಕೂಡ ಆಗಲಿಲ್ಲ. ಮುಚ್ಚಿಟ್ಟವರು ಬಡ್ಡಿಯಲ್ಲಿ ಕಳೆದುಕೊಂಡಿದ್ದನ್ನು ನಾನು ಮೈಲಿಯಲ್ಲಿ ಕಳೆದುಕೊಂಡೆ, ಅಷ್ಟೇ.

ಓಡಿಸುವುದು ಅಗ್ಗ ಅಂತ ಹೇಳುತ್ತಿಲ್ಲ. ಊರೊಳಗೆ ಗ್ಯಾಲನ್ನಿಗೆ 12 ಮೈಲಿ, ಹೈವೇಯಲ್ಲಿ 17, ಅದು ಸರ್ಕಾರಿ ಲೆಕ್ಕ. ಪ್ರೀಮಿಯಂ ಪೆಟ್ರೋಲೇ ಬೇಕು. ಎಂಟು ಸಿಲಿಂಡರಿಗೆ ಹದಿನಾರು ಸ್ಪಾರ್ಕ್ ಪ್ಲಗ್. ಟೈರ್ ಬದಲಿಸುವ ದಿನ ಮನೆಯಲ್ಲಿ ಎರಡು ಸಲ ಮಾತಾಡಿಕೊಂಡೇ ಹೋಗಬೇಕು. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಜಾಸ್ತಿ ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ ಅಮೆರಿಕದಲ್ಲಿ ಒಂದು ವಿಶೇಷ ತೆರಿಗೆ ಇದೆ. ಇದೇ ಎಂಜಿನ್ ಇದ್ದ ಡಾಡ್ಜ್ ಚಾರ್ಜರ್ ಅನ್ನುವ ಸೆಡಾನ್ ಕಾರಿಗೆ ಅದು ಬೀಳುತ್ತಿತ್ತು. ಎಸ್‌ಯುವಿಗಳು ಟ್ರಕ್ ಲೆಕ್ಕದಲ್ಲಿ ಬರುವುದರಿಂದ ಡುರಾಂಗೊಗೆ ಬೀಳಲಿಲ್ಲ.

ಹಾಗಾದರೆ ರೇಟು ಏರುವುದೇ ಇಲ್ವಾ? ಏರುತ್ತದೆ. ಆದರೆ ನಾವು ಅಂದುಕೊಂಡ ವೇಗದಲ್ಲಿ ಅಲ್ಲ, ನಾವು ಅಂದುಕೊಂಡ ಕಾರಣಕ್ಕೂ ಅಲ್ಲ. ಜಿಎಂಸಿ ಟೈಫೂನ್ ಅಂತ ಒಂದು ಗಾಡಿ ಇತ್ತು. 1992 ಮತ್ತು 1993, ಎರಡೇ ವರ್ಷ. ಒಟ್ಟು 4,697 ಮಾತ್ರ. ನೋಡಲು ಎರಡು ಬಾಗಿಲಿನ ಸಾಧಾರಣ ಎಸ್‌ಯುವಿ. ಒಳಗೆ ಟರ್ಬೊ ಹಾಕಿದ 4.3 ಲೀಟರ್ ವಿ6, 280 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ. ಆ ಕಾಲಕ್ಕೆ ಸ್ಪೋರ್ಟ್ಸ್ ಕಾರುಗಳನ್ನೇ ಹಿಂದೆ ಹಾಕುತ್ತಿತ್ತು. ಆದರೂ ಬಹಳ ವರ್ಷ ಅದು ಬರೀ ಒಂದು ಹಳೆಯ ಗಾಡಿಯಾಗಿತ್ತು. ಹುಡುಗರು ಕೊಂಡರು, ಟರ್ಬೊ ಬದಲಿಸಿದರು, ಕೆಡಿಸಿದರು. ಬೆಲೆ ಬಂದಿದ್ದು ಆಮೇಲೆ. ಹದಿನೈದು ವಯಸ್ಸಿನಲ್ಲಿ ಅದರ ಪೋಸ್ಟರ್ ಗೋಡೆಗೆ ಅಂಟಿಸಿದ್ದವರು ನಲವತ್ತು ದಾಟಿ ಕೈಯಲ್ಲಿ ದುಡ್ಡು ಬಂದ ಮೇಲೆ. ಈಗ ಅವರಿಗೆ ಬೇಕಿರುವುದು ಕಂಪನಿಯಿಂದ ಹೇಗೆ ಬಂತೋ ಹಾಗೇ ಇರುವ ಗಾಡಿ. ಅದು ಸಿಗುವುದೇ ಕಷ್ಟ.

ನಮ್ಮ ಗಾಡಿಯ ಅಣ್ಣನಂತಿರುವ ಜೀಪ್ ಗ್ರ್ಯಾಂಡ್ ಚೆರೋಕಿ ಟ್ರ್ಯಾಕ್‌ಹಾಕ್ ನೋಡಿ. ಅದೇ ಕಾರ್ಖಾನೆ, ಅದೇ ಎಂಜಿನ್, 707 ಅಶ್ವಶಕ್ತಿ. ಅದಕ್ಕೆ "ಒಂದೇ ವರ್ಷ" ಅಂತ ಯಾರೂ ಹೇಳಿರಲಿಲ್ಲ. 2018ರಿಂದ 2021ರವರೆಗೆ ಸುಮ್ನೆ ತಯಾರಾಯಿತು. ಆಮೇಲೆ ಹೊಸ ಗ್ರ್ಯಾಂಡ್ ಚೆರೋಕಿ ಬಂತು, ಅದರಲ್ಲಿ ಈ ಎಂಜಿನ್ ಇಲ್ಲ. ಒಳ್ಳೆಯ ಸ್ಥಿತಿಯ ಟ್ರ್ಯಾಕ್‌ಹಾಕಿಗೆ ಇವತ್ತಿಗೂ ಗಿರಾಕಿ ಕಾಯುತ್ತಿರುತ್ತಾನೆ. ಲಿಮಿಟೆಡ್ ಅಂದಿದ್ದು ಮತ್ತೆ ಬಂತು, ಲಿಮಿಟೆಡ್ ಅನ್ನದೇ ಇದ್ದದ್ದು ನಿಂತೇ ಹೋಯಿತು. ಅದಕ್ಕೇ ನಾನು ಕೇಳಿದವರಿಗೆ ಹೇಳುವುದು: ಎಷ್ಟು ತಯಾರಾಗುತ್ತದೆ ಅನ್ನುವುದು ಕಂಪನಿಯ ಕೈಯಲ್ಲಿದೆ. ನಾಳೆ ಅವರ ಮನಸ್ಸು ಬದಲಾದರೆ ನೀವು ಏನೂ ಮಾಡಲಾಗುವುದಿಲ್ಲ. ಅದರ ಮೇಲೆ ಮನೆ ದುಡ್ಡು ಹಾಕಬೇಡಿ.

ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ. ನಾನೂ ಅಷ್ಟೇ ಮಾಡುತ್ತೇನೆ. ಸೂಪರ್‌ಚಾರ್ಜರಿನ ಪುಲ್ಲಿ ಬದಲಿಸಿ ಇನ್ನೂ ನೂರು ಅಶ್ವಶಕ್ತಿ ಎತ್ತಿಕೊಡುತ್ತೇನೆ ಅಂತ ಬರುವವರಿದ್ದಾರೆ, ಬೇಡ ಅಂದಿದ್ದೇನೆ. ಮೂಲ ಸ್ಟಿಕರ್ ಕಾಗದ, ಎರಡೂ ಕೀ, ಪ್ರತಿ ಸರ್ವಿಸಿನ ಬಿಲ್ಲು ಒಂದೇ ಫೈಲಿನಲ್ಲಿವೆ. ಮತ್ತೆ ಚಳಿಗಾಲದಲ್ಲಿ ಗಾಡಿ ಹೊರಗೆ ತೆಗೆಯುವುದಿಲ್ಲ. ಇಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪಿಗೇನೂ ಬರವಿಲ್ಲ, ಡೆಟ್ರಾಯಿಟ್ ಊರಿನ ಕೆಳಗೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಆ ಉಪ್ಪುನೀರು ಗಾಡಿಯ ತಳಕ್ಕೆ ಹತ್ತಿದರೆ ತುಕ್ಕು ಗ್ಯಾರಂಟಿ. ಬೇಸಿಗೆ ಟೈರ್ ಕೂಡ ಆ ಚಳಿಗೆ ಕಲ್ಲಿನ ಹಾಗೆ ಆಗಿಬಿಡುತ್ತದೆ. ಅದಕ್ಕೆ ನವೆಂಬರಿನಿಂದ ಏಪ್ರಿಲ್‌ವರೆಗೆ ರಜೆ. ಉಳಿದ ಆರು ತಿಂಗಳು ಓಡುತ್ತದೆ.

ಓಡುತ್ತದೆ ಅಂದರೆ ನಿಜವಾಗಿ ಓಡುತ್ತದೆ. ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗುತ್ತೇವೆ. 1995ರಿಂದ ನಡೆದುಕೊಂಡು ಬಂದಿರುವ ಕಾರು ಜಾತ್ರೆ ಅದು. ಫರ್ನ್‌ಡೇಲಿನಿಂದ ಪಾಂಟಿಯಾಕ್‌ವರೆಗೆ ರಸ್ತೆ ಪೂರ್ತಿ ಹಳೆಯ, ಹೊಸ ಗಾಡಿಗಳು. ಜನ ಕುರ್ಚಿ ಹಾಕಿಕೊಂಡು ಎರಡೂ ಕಡೆ ಕೂತಿರುತ್ತಾರೆ. ನಮ್ಮ ಗಾಡಿಯಿಂದ ಮಕ್ಕಳು ಇಳಿಯುವುದು ನೋಡಿ ಅವರಿಗೆ ಖುಷಿಯೋ ಖುಷಿ.

ಹೋದ ವರ್ಷ ಜೂನಿನಲ್ಲಿ ಅಪ್ಪ, ಅಮ್ಮ ತಿಪಟೂರಿನಿಂದ ಬಂದಿದ್ದರು. ಎಲ್ಲರನ್ನೂ ಕೂರಿಸಿಕೊಂಡು ಉತ್ತರಕ್ಕೆ, ಮ್ಯಾಕಿನಾ ಸೇತುವೆ ದಾಟಿ ಹೋದೆವು. ಆರು ಸೀಟು, ಐದು ಜನ, ಒಂದು ಸೀಟಿನಲ್ಲಿ ಪುಳಿಯೋಗರೆ ಡಬ್ಬ, ಚಕ್ಕುಲಿ, ಹಾಸಲು ಒಂದು ಜಮಖಾನ. ಗೇಲಾರ್ಡ್ ದಾಟಿದ ಮೇಲೆ ರಸ್ತೆ ಖಾಲಿ. ಮುಂದೆ ಮರದ ದಿಮ್ಮಿ ಹೊತ್ತ ಲಾರಿ. ಎಡಗಡೆ ಬಂದು ಒತ್ತಿದೆ. ಗಾಡಿ ಕೊರಳೆತ್ತಿ ಕೂಗಿತು. ಅದು ಎಂಜಿನ್ನಿನ ಗುಡುಗಿಗಿಂತ ಬೇರೆಯೇ ದನಿ, ಸಣ್ಣಗೆ ಶುರುವಾಗಿ ಏರುತ್ತಾ ಹೋಗುತ್ತದೆ. ಮಗಳು ಮೂರನೇ ಸಾಲಿನಿಂದ "ಇನ್ನೊಂದ್ ಸಲ ಅಪ್ಪಾ" ಅಂದಳು. ಅಮ್ಮ ಎರಡನೇ ಸಾಲಿನಲ್ಲಿ ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು, "ಏನೋ ಮಗಾ ಇದು, ನಮ್ಮೂರ ಹಿಟ್ಟಿನ ಮಿಷನ್ ಬೆಲ್ಟ್ ಹಾಕಿದಾಗ ಕೂಗ್ತದಲ್ಲ, ಹಂಗೇ ಕೂಗ್ತದಲ್ಲೋ" ಅಂದರು.

ಅಮ್ಮ ಹೇಳಿದ್ದು ಸರಿಯಾಗೇ ಇತ್ತು. ಸೂಪರ್‌ಚಾರ್ಜರನ್ನು ತಿರುಗಿಸುವುದೂ ಒಂದು ಬೆಲ್ಟೇ. ಎಂಜಿನ್ ತಿರುಗಿದಂತೆ ಬೆಲ್ಟ್ ತಿರುಗುತ್ತದೆ, ಬೆಲ್ಟ್ ತಿರುಗಿದಂತೆ ಒಳಗಿನ ಎರಡು ರೋಟರ್‌ಗಳು ಒಂದನ್ನೊಂದು ಹೊಸೆದುಕೊಂಡ ಹಾಗೆ ಸುತ್ತಿ ಗಾಳಿಯನ್ನು ಒತ್ತಿ ತುಂಬುತ್ತವೆ. ಆ ಕೂಗು ಬರುವುದು ಅಲ್ಲಿಂದ. ಇಷ್ಟು ವರ್ಷ ಆ ದನಿ ನನಗೆ ಯಾಕೆ ಅಷ್ಟು ಇಷ್ಟ ಅಂತ ನಾನೇ ಯೋಚಿಸಿರಲಿಲ್ಲ. ಚಿಕ್ಕವನಿದ್ದಾಗ ರಾಗಿ ಚೀಲ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಮಿಷನ್ ಬಾಗಿಲಲ್ಲಿ ಕಾಯುತ್ತಿದ್ದೆ. ಬೆಲ್ಟ್ ಹತ್ತಿದ ಕೂಡಲೇ ನೆಲ ನಡುಗುತ್ತಿತ್ತು. ಬೆಚ್ಚನೆ ಹಿಟ್ಟಿನ ವಾಸನೆ. ಅಮ್ಮ ಹೇಳಿದ ಮೇಲೆ ಅದೆಲ್ಲ ಗಾಡಿಯೊಳಗೇ ಬಂದು ಕೂತಿತು.

ಈ ಯುಗಾದಿಯಲ್ಲಿ ಇದೇ ಪ್ರಶ್ನೆ ಕೇಳಿದ ಹುಡುಗನೊಬ್ಬ ಹೊಸ ವಿಶೇಷ ಆವೃತ್ತಿಯೊಂದನ್ನು ಕೊಂಡು, ಓಡಿಸದೆ ಇಟ್ಟುಬಿಡುವ ಯೋಚನೆಯಲ್ಲಿದ್ದ. ಗಾಡಿಯ ಚಳಿಗಾಲದ ರಜೆ ಮುಗಿದ ಮೇಲೆ ಒಂದು ಶನಿವಾರ ಹೆಂಡತಿ ಮಕ್ಕಳ ಜೊತೆ ಮನೆಗೆ ಬಾ ಅಂದೆ. ಬಂದ. ಕೀ ಕೊಟ್ಟೆ, ನಾನು ಹೋಗಲಿಲ್ಲ. ಅರ್ಧ ಗಂಟೆ ಅಂದವನು ಒಂದೂವರೆ ಗಂಟೆ ಬಿಟ್ಟು ಬಂದ. ಕಾಫಿ ಕುಡಿಯುತ್ತಾ ರೀಸೇಲ್ ಬಗ್ಗೆ ಅವನು ಏನೂ ಕೇಳಲಿಲ್ಲ. ಮೂರನೇ ಸಾಲಿನಲ್ಲಿ ಮಕ್ಕಳ ಸೀಟು ಯಾವ ಸೈಜಿನದು ಕೂರುತ್ತದೆ ಅಂತ ಕೇಳಿ, ಅಳತೆ ಹಿಡಿದುಕೊಂಡು ಹೋದ.