ಜೋಗುಳ ಕೇಳುತ್ತದೆ, ಕೂಸು ಕಾಣದು

ಜೂನ್ 14, 2025, ಶನಿವಾರ
ದಾವಣಗೆರೆ

ಪಿ.ಜೆ. ಬಡಾವಣೆಯ ಮಾಮ ಊಟಕ್ಕೆ ಕರೆದಿದ್ದರು. ತಟ್ಟೆಗೂ ಮೊದಲು ಲ್ಯಾಪ್‌ಟಾಪ್ ಮುಂದಿಟ್ಟರು. ಮೊಮ್ಮಗಳ ತೊಟ್ಟಿಲು ಕಾರ್ಯದ ವಿಡಿಯೋ, ಮಗ ಐಫೋನಿಂದ ಕಳಿಸಿದ್ದು. ಹೆಂಗಸರ ಜೋಗುಳ ಕೇಳುತ್ತಿದೆ, ಯಾರೋ "ಹೆಸರು ಜೋರಾಗಿ ಹೇಳ್ರೇ" ಅಂತಿದ್ದಾರೆ. ಪರದೆ ಮಾತ್ರ ಕಪ್ಪು.

"ಲೇ, ವಿಂಡೋಸ್ ಬದ್ಲು ಈ ಫೆಡೋರಾ ಹಾಕಿಕೊಟ್ಟೋನು ನೀನೇ. ಎಲ್ಲಾ ಪುಕ್ಕಟೆ ಅಂದಿದ್ದಿ. ಏನಾಗೈತಿ ಇದಕ್ಕ?"

"ಕೆಟ್ಟಿಲ್ಲ ಮಾಮ, ಅದು ಎಚ್.265 ಅನ್ನೋ ವಿಧಾನದಾಗ ಕುಗ್ಗಿಸಿದ ವಿಡಿಯೋ. ಅದನ್ನ ಬಿಡಿಸಿ ತೋರಿಸೋ ಪ್ರೋಗ್ರಾಂ ಐತಿ, ಆದ್ರ ಅದರ ಮ್ಯಾಲೆ ಸುಮಾರು ಕಂಪನಿಗಳ ಪೇಟೆಂಟ್ ಅದಾವ. ಅಮೆರಿಕದಾಗ ಕೇಸ್ ಬಿದ್ದೀತು ಅಂತ ಫೆಡೋರಾದವರು ಸೇರಿಸಂಗಿಲ್ಲ. ಹಿಂದೆ ಎಂಪಿ3ಗೂ ಹಿಂಗೇ ಆಗಿತ್ತು, ಪೇಟೆಂಟ್ ವಾಯಿದೆ ಮುಗಿಯೋವರೆಗೂ ಕಾದ್ರು."

ಮಾಮ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆದವರು, ಸುಲಭಕ್ಕೆ ಬಿಡುವವರಲ್ಲ.

"ಅವರದನ್ನ ಕದ್ದು ಬರದಾರೇನು?"

"ಇಲ್ಲ, ಸ್ವಂತ ಬರದಿದ್ದು."

"ಮತ್ತ?"

"ನೀವೇ ಕುಂತು ಬರದ್ರೂ ಪೇಟೆಂಟ್ ಇದ್ದೋನು ಆ ವಿಧಾನ ನಂದು ಅನ್ನಬಹುದು. ಕಾಪಿರೈಟ್ ಹಂಗಲ್ಲ, ಅಲ್ಲಿ ನಕಲು ಮಾಡಿದ್ರ ಮಾತ್ರ ತಪ್ಪು. ಇದು ಬ್ಯಾರೆ."

"ಅದು ಅಮೆರಿಕದಾಗ. ನಾ ಕುಂತಿರೋದು ದಾವಣಗೆರ್ಯಾಗ!"

ಅದೂ ನಿಜ. ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. 2004ರ ಸುಗ್ರೀವಾಜ್ಞೆ ಅದನ್ನು ಸಡಿಲ ಮಾಡಿತ್ತು, 2005ರಲ್ಲಿ ಸಂಸತ್ತು ಆ ಸಡಿಲಿಕೆ ಕಿತ್ತುಹಾಕಿತು. ಆದರೂ ಹಾರ್ಡ್‌ವೇರ್ ಜೊತೆ ಹೆಣೆದು ಅರ್ಜಿ ಹಾಕಿದರೆ ಇಲ್ಲೂ ದಾರಿ ಸಿಗುತ್ತದೆ. ಇಷ್ಟೆಲ್ಲ ಹೇಳುವಷ್ಟರಲ್ಲಿ ಅತ್ತೆ "ರೊಟ್ಟಿ ಆರಿ ಹೋಗ್ತಾವ" ಅಂತ ಒಳಗಿಂದ ಕೂಗಿದರು.

ಫೆಡೋರಾ ಬಿಟ್ಟದ್ದನ್ನು ಹೊರಗಿನವರು ಕೊಡುವ ಆರ್‌ಪಿಎಂ ಫ್ಯೂಷನ್ ಭಂಡಾರ ಸೇರಿಸಿ, ವಿಡಿಯೋ ಬಿಡಿಸುವ ಎಫ್‌ಎಫ್‌ಎಂಪೆಗ್ ಪೂರ್ತಿ ಹಾಕಿದೆ. ಕೂಸು ಕಂಡಿತು. ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಆಕಳಿಸಿತು. ಮಾಮ ಮತ್ತೆ ಮತ್ತೆ ಅಲ್ಲಿಗೇ ಎಳೆದು ನಗುತ್ತಿದ್ದರು. ಪೇಟೆಂಟ್ ಮರೆತೇ ಹೋಯ್ತು ಅವರಿಗೆ.

ನನಗೆ ಮರೆಯಲಿಲ್ಲ. 2019ರಲ್ಲಿ ಪುಕ್ಕಟೆ ತಂತ್ರಾಂಶ ಮಾಡುವ ಗ್ನೋಮ್ ಫೌಂಡೇಶನ್ ಮೇಲೆ ಕೇಸು ಬಿತ್ತಲ್ಲ, ಶಾಟ್‌ವೆಲ್ ಎಂಬ ಫೋಟೋ ಜೋಡಿಸುವ ತಂತ್ರಾಂಶದ ಸಲುವಾಗಿ. ಹೂಡಿದ್ದು ಪೇಟೆಂಟ್ ಹಿಡಿದುಕೊಂಡು ಕೇಸು ಹಾಕುವುದನ್ನೇ ಕಸುಬು ಮಾಡಿಕೊಂಡವರು. ಗ್ನೋಮ್ ಬಗ್ಗಲಿಲ್ಲ, ಸಾವಿರಾರು ಜನ ದುಡ್ಡು ಹಾಕಿದರು, 2020ರ ಮೇ ತಿಂಗಳಲ್ಲಿ ಎದುರಿನವರು ರಾಜಿಗೆ ಬಂದು ಕೇಸು ಬಿಟ್ಟರು. ಎಲ್ಲರೂ ಇದನ್ನು ಗೆಲುವು ಅಂತ ಹೇಳಿಕೊಂಡು ತಿರುಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೇಸು ಹಾಕುವ ಕಂಪನಿ ಸೋತರೆ ಇನ್ನೊಬ್ಬರ ಮೇಲೆ ಹಾಕುತ್ತದೆ. ರಾತ್ರಿ ಊಟ ಆದಮೇಲೆ ಕೂತು ಕೋಡ್ ಬರೆಯುವವನು ಮೊದಲನೇ ನೋಟಿಸಿಗೇ ಎಲ್ಲಾ ಅಳಿಸಿ ಮಲಗುತ್ತಾನೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಂದೂ ಒಂದು ಪುಟ್ಟ ಪ್ರೋಗ್ರಾಂ ಇದೆ, ಫೋನಿನ ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು. ಐಫೋನ್ ಫೋಟೋ ತೆರೆಯುವುದನ್ನೂ ಸೇರಿಸಿ ಅಂತ ಯಾರೋ ಜರ್ಮನಿಯಿಂದ ಕೇಳಿದ್ದಾರೆ. ಅದರೊಳಗಿರುವುದೂ ಇದೇ ಎಚ್.265. ಕೋಡ್ ಬರೆದಾಗಿದೆ. ಹಾಕಿಬಿಡಲಾ ಅಂದರೆ, ನಾಳೆ ಯಾರಾದರೂ ಅಮೆರಿಕದಿಂದ ನೋಟಿಸ್ ಕಳಿಸಿದರೆ?