ಇಂಟರಾಕ್ಷನ್ ನೆಟ್: ಬೇಡ ಅಂದಿದ್ದರಲ್ಲೇ ಇರೋ ಮಜಾ

ಗ್ರಾಫ್ ರೀರೈಟಿಂಗ್ ಮೇಲ್ನೋಟಕ್ಕೆ ತುಂಬಾ ಸಿಂಪಲ್. ದೊಡ್ಡ ಗ್ರಾಫ್ ಒಂದಿದೆ (ನೋಡ್ ಅನ್ನೋ ಬಿಂದುಗಳು, ಅವನ್ನ ಸೇರಿಸೋ ಎಡ್ಜ್ ಅನ್ನೋ ಗೆರೆಗಳು), ಅದರೊಳಗೆ ಒಂದು ಸಣ್ಣ ಪ್ಯಾಟರ್ನ್ ಹುಡುಕ್ತೀರಿ, ಸಿಕ್ಕಿದ ಕಡೆ ಅದನ್ನ ಕಿತ್ತು ಇನ್ನೊಂದು ತುಂಡು ಕೂರಿಸ್ತೀರಿ, ಅಷ್ಟೇ. ಯಾವುದನ್ನ ಕಿತ್ತು ಯಾವುದನ್ನ ಕೂರಿಸ್ಬೇಕು ಅಂತ ಹೇಳೋದೇ ರೂಲ್. ತಲೆನೋವು ಶುರುವಾಗೋದು ಕಿತ್ತಮೇಲೆ. ಆ ನೋಡ್‌ಗೆ ಹೊರಗಿಂದ ಬರ್ತಿದ್ದ ಎಡ್ಜ್‌ಗಳೆಲ್ಲ ಎಲ್ಲಿಗೆ ಹೋಗ್ಬೇಕು? 1973ರಲ್ಲಿ ಎಹ್ರಿಗ್, ಫೆಂಡರ್, ಶ್ನೈಡರ್ ಮೂವರು ಕೊಟ್ಟ ಡಬಲ್ ಪುಶ್‌ಔಟ್ ವಿಧಾನದಲ್ಲಿ ಇದಕ್ಕೆ ಖಡಕ್ ಉತ್ತರ ಇದೆ: ಎಡ್ಜ್ ನೇತಾಡೋ ಹಾಗಿದ್ರೆ ಆ ರೂಲ್‌ನ ಅಲ್ಲಿ ಅಪ್ಲೈ ಮಾಡೋ ಹಾಗೇ ಇಲ್ಲ.

ಎರಡನೇ ತಲೆನೋವು ಕನ್‌ಫ್ಲುಯೆನ್ಸ್. ಯಾವ ರೂಲ್ ಮೊದಲು ಹಾಕಿದ್ರೂ ಕೊನೆಗೆ ಒಂದೇ ಉತ್ತರ ಬರತ್ತಾ ಅನ್ನೋ ಪ್ರಶ್ನೆ. ಟರ್ಮ್ ರೀರೈಟಿಂಗಲ್ಲಿ (ಗ್ರಾಫ್ ಬದಲು ಸೂತ್ರಗಳನ್ನ ಹೀಗೆ ಬದಲಾಯಿಸೋದು), ಸಿಸ್ಟಮ್ ಖಂಡಿತ ನಿಲ್ಲತ್ತೆ ಅಂತ ಗೊತ್ತಿದ್ರೆ, ಎರಡು ರೂಲ್‌ಗಳು ಒಂದರ ಮೇಲೊಂದು ಬೀಳೋ ಸಂದರ್ಭಗಳನ್ನ, ಅಂದ್ರೆ ಕ್ರಿಟಿಕಲ್ ಪೇರ್‌ಗಳನ್ನ ಒಂದೊಂದಾಗಿ ನೋಡಿ ಹೌದು ಇಲ್ಲ ಹೇಳ್ಬಿಡಬಹುದು. ಗ್ರಾಫಲ್ಲಿ ಆ ಸುಖ ಇಲ್ಲ, ನಿಲ್ಲೋ ಸಿಸ್ಟಮ್‌ಗಳಿಗೂ ಇದು ಅನ್‌ಡಿಸೈಡಬಲ್ (ಯಾವ ಪ್ರೋಗ್ರಾಮೂ ಯಾವಾಗಲೂ ಸರಿಯಾಗಿ ಹೌದು ಇಲ್ಲ ಹೇಳೋಕಾಗಲ್ಲ) ಅಂತ ಪ್ಲಂಪ್ 1993ರಲ್ಲಿ ತೋರಿಸಿದಾರೆ.

ಈ ಎರಡೂ ತಲೆನೋವನ್ನ ಹುಟ್ಟೋಕೇ ಬಿಡದ ಒಂದು ಮಾಡೆಲ್ ಇದೆ, ನನಗೆ ಇಡೀ ಫೀಲ್ಡಲ್ಲಿ ತುಂಬಾ ಇಷ್ಟವಾಗಿರೋದು ಅದೇ. ಈವ್ ಲಫೋಂ 1990ರಲ್ಲಿ ಕೊಟ್ಟ ಇಂಟರಾಕ್ಷನ್ ನೆಟ್. ತರ್ಕಶಾಸ್ತ್ರಜ್ಞ ಜಿರಾರ್ ಅವರ ಲೀನಿಯರ್ ಲಾಜಿಕ್‌ನ ಪ್ರೂಫ್ ನೆಟ್‌ಗಳಿಂದ (ಪ್ರೂಫ್‌ಗಳನ್ನ ಗ್ರಾಫ್ ಆಗಿ ಬರೆಯೋ ರೀತಿ) ಬಂದ ಐಡಿಯಾ ಇದು. ಪ್ರತಿ ನೋಡ್‌ಗೂ ಇಂತಿಷ್ಟೇ ಪೋರ್ಟ್, ಒಂದು ಪೋರ್ಟ್‌ಗೆ ಒಂದೇ ವೈರ್ (ಪೋರ್ಟ್ ಅಂದ್ರೆ ಸಿಕ್ಕಿಸೋ ಜಾಗ, ವೈರ್ ಅಂದ್ರೆ ಇಲ್ಲಿನ ಎಡ್ಜ್), ಆ ಪೋರ್ಟ್‌ಗಳಲ್ಲಿ ಒಂದು ಮಾತ್ರ ಮುಖ್ಯ ಪೋರ್ಟ್. ಎರಡು ನೋಡ್‌ಗಳ ಮುಖ್ಯ ಪೋರ್ಟ್‌ಗಳು ಎದುರುಬದುರಾಗಿ ಸೇರಿದ್ರೆ ಮಾತ್ರ ರೂಲ್ ನಡೆಯತ್ತೆ, ಒಂದು ಜೋಡಿಗೆ ಒಂದೇ ರೂಲ್, ಮತ್ತೆ ಕಿತ್ತಾಗ ಹೊರಗೆ ಎಷ್ಟು ವೈರ್ ಇತ್ತೋ ಕೂರಿಸಿದಮೇಲೂ ಅಷ್ಟೇ ಇರ್ಬೇಕು. ನೇತಾಡೋ ಎಡ್ಜ್ ಸಮಸ್ಯೆ ಅಲ್ಲಿಗೆ ಖತಂ. ಇನ್ನು ಒಂದು ನೋಡ್‌ಗೆ ಒಂದೇ ಮುಖ್ಯ ಪೋರ್ಟ್ ಅಂದಮೇಲೆ ಅದು ಒಂದೇ ಸಲಕ್ಕೆ ಎರಡು ಜೋಡಿಯಲ್ಲಿ ಇರೋಕಾಗಲ್ಲ, ಹಾಗಾಗಿ ಎರಡು ರೂಲ್‌ಗಳು ಒಂದರ ಮೇಲೊಂದು ಬೀಳೋ ಪ್ರಶ್ನೆನೇ ಬರಲ್ಲ, ಯಾವ ಆರ್ಡರಲ್ಲಿ ಮಾಡಿದ್ರೂ ಉತ್ತರ ಒಂದೇ, ಅಷ್ಟೇ ಅಲ್ಲ ಸ್ಟೆಪ್‌ಗಳ ಲೆಕ್ಕವೂ ಒಂದೇ!

ಉದಾಹರಣೆಗೆ ಕೂಡೋದನ್ನೇ ತಗೊಳಿ. ಸೊನ್ನೆಗೆ ಒಂದು ನೋಡ್, 'ಒಂದು ಜಾಸ್ತಿ' ಅನ್ನೋಕೆ ಒಂದು ನೋಡ್, ಕೂಡೋಕೆ ಒಂದು. ಕೂಡೋ ನೋಡ್‌ನ ಮುಖ್ಯ ಪೋರ್ಟ್ ಮೊದಲನೇ ಸಂಖ್ಯೆ ಕಡೆ ನೋಡ್ತಿರತ್ತೆ. ಅಲ್ಲಿ 'ಒಂದು ಜಾಸ್ತಿ' ಸಿಕ್ಕಿದ್ರೆ ಅದನ್ನ ಉತ್ತರದ ಕಡೆಗೆ ದಾಟಿಸಿ ತಾನು ಒಳಗೆ ಮುಂದಕ್ಕೆ ಹೋಗತ್ತೆ. ಸೊನ್ನೆ ಸಿಕ್ಕಿದ್ರೆ ಇಬ್ಬರೂ ಮಾಯ, ಎರಡನೇ ಸಂಖ್ಯೆಯ ವೈರ್ ನೇರವಾಗಿ ಉತ್ತರದ ವೈರ್‌ಗೆ ಸೇರ್ಕೊಳತ್ತೆ. 2+1 ಮಾಡೋಕೆ ಮೂರು ಸ್ಟೆಪ್. ಎರಡನೇ ಸಂಖ್ಯೆನ ಯಾರೂ ಮುಟ್ಟಲೂ ಇಲ್ಲ ನೋಡಿ.

ಒಂದು ಪೋರ್ಟ್‌ಗೆ ಒಂದೇ ವೈರ್ ಅಂದ್ರೆ ಒಂದು ವ್ಯಾಲ್ಯೂನ ಎರಡು ಕಡೆ ಬಳಸೋದು ಹೇಗೆ? ಕಾಪಿ ಮಾಡೋಕೂ ಒಂದು ನೋಡ್ ಬೇಕು, ಬಿಸಾಕೋಕೂ ಒಂದು ನೋಡ್ ಬೇಕು. ಗಾರ್ಬೇಜ್ ಕಲೆಕ್ಟರ್ (ಬೇಡದ ಡೇಟಾ ಗುಡಿಸಿ ಮೆಮೊರಿ ಖಾಲಿ ಮಾಡೋ ಪ್ರೋಗ್ರಾಮ್) ಮಾಡೋ ಕೆಲಸ ಇಲ್ಲಿ ರೂಲ್‌ಗಳ ಒಳಗೇ ಬಂದ್ಬಿಡತ್ತೆ. 1997ರಲ್ಲಿ ಲಫೋಂ ಇದನ್ನ ಇನ್ನೂ ಹಿಂಡಿ ಇಂಟರಾಕ್ಷನ್ ಕಾಂಬಿನೇಟರ್ಸ್ ಕೊಟ್ರು: ಗಾಮಾ, ಡೆಲ್ಟಾ, ಎಪ್ಸಿಲಾನ್ ಅಂತ ಮೂರೇ ನೋಡ್, ಒಟ್ಟು ಆರು ರೂಲ್. ಒಂದೇ ಜಾತಿಯವು ಎದುರಾದ್ರೆ ಎರಡೂ ಅಳಿಸಿಹೋಗ್ತವೆ, ಗಾಮಾ ಡೆಲ್ಟಾ ಎದುರಾದ್ರೆ ಒಂದನ್ನೊಂದು ಕಾಪಿ ಮಾಡ್ಕೊಂಡು ದಾಟ್ತವೆ, ಎಪ್ಸಿಲಾನ್ ಎದುರಿಗೆ ಬಂದಿದ್ದನ್ನೆಲ್ಲ ತಿನ್ನತ್ತೆ. ಇಷ್ಟರಲ್ಲೇ ಯಾವ ಇಂಟರಾಕ್ಷನ್ ನೆಟ್ ಸಿಸ್ಟಮ್ ಬೇಕಾದ್ರೂ ಕಟ್ಟಬಹುದು, ಅಂದ್ರೆ ಟ್ಯೂರಿಂಗ್ ಕಂಪ್ಲೀಟ್, ಕಂಪ್ಯೂಟರ್ ಮಾಡಬಲ್ಲ ಯಾವ ಲೆಕ್ಕ ಬೇಕಾದ್ರೂ ಮಾಡಬಹುದು. ಆರ್ಡರ್ ಚಿಂತೆ ಇಲ್ಲದಿರೋದ್ರಿಂದ ಪ್ಯಾರಲಲ್ ರನ್ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ, 2024ರಲ್ಲಿ ಬಂದ ಬೆಂಡ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇದನ್ನೇ ನಂಬ್ಕೊಂಡು ಜಿಪಿಯು ಮೇಲೆ ಓಡತ್ತೆ.

ಹಾಗಂತ ಎಲ್ಲಾ ಫ್ರೀ ಅಂದ್ಕೋಬೇಡಿ. ಲಫೋಂ ಪೇಪರ್ ಬಂದ 1990ರ ಪಿಒಪಿಎಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗಳ ಕಾನ್ಫರೆನ್ಸಲ್ಲೇ ಲ್ಯಾಂಪಿಂಗ್ ಅನ್ನೋರು ಫಂಕ್ಷನ್‌ಗಳಲ್ಲೇ ಎಲ್ಲಾ ಲೆಕ್ಕ ಮಾಡೋ ಲ್ಯಾಂಬ್ಡಾ ಕ್ಯಾಲ್ಕುಲಸ್‌ನ ಗ್ರಾಫಲ್ಲಿ 'ಆಪ್ಟಿಮಲ್' ಆಗಿ ರಿಡ್ಯೂಸ್ ಮಾಡೋ ಆಲ್ಗಾರಿದಮ್ ಕೊಟ್ರು, ಒಂದೇ ಕೆಲಸ ಎರಡು ಸಲ ಮಾಡಲ್ಲ ಅನ್ನೋ ಅರ್ಥದಲ್ಲಿ. ಎಂಟು ವರ್ಷ ಆದ್ಮೇಲೆ ಆಸ್ಪೆರ್ಟಿ, ಮೇರ್ಸನ್ ಇಬ್ಬರೂ ಬಂದು, ಬೀಟಾ ಸ್ಟೆಪ್ (ಫಂಕ್ಷನ್‌ಗೆ ಇನ್‌ಪುಟ್ ಹಾಕೋ ಒಂದು ಹೆಜ್ಜೆ) ಎಣಿಸಿದ್ರೆ ಕಮ್ಮಿ ಇರಬಹುದು ಆದ್ರೆ ಅದರ ಹಿಂದೆ ನಡೆಯೋ ಒಟ್ಟು ಕೆಲಸ ಯಾವ ಎಲಿಮೆಂಟರಿ ಫಂಕ್ಷನ್‌ನ (ಘಾತದ ಮೇಲೆ ಘಾತ ಇಂತಿಷ್ಟೇ ಅಂತಸ್ತು ಪೇರಿಸಿದ್ದು) ಮಿತಿಗೂ ಸಿಗದ ಹಾಗೆ ಬೆಳೀಬಹುದು ಅಂತ ಪ್ರೂವ್ ಮಾಡಿದ್ರು. 'ಆಪ್ಟಿಮಲ್' ಅಂತ ಹೆಸರಿಟ್ಟಿದ್ದು ಸ್ವಲ್ಪ ಜಾಸ್ತಿನೇ ಆಯ್ತು ಅನ್ಸತ್ತೆ ನಂಗೆ.

ಇನ್ನೊಂದು, ಎರಡು ಇನ್‌ಪುಟ್‌ಗಳಲ್ಲಿ ಯಾವುದು ಮೊದಲು ಬಂದ್ರೂ ಅದನ್ನ ತಗೊಳ್ಳೋ ನೋಡ್ ಇಲ್ಲಿ ಬರೆಯೋಕಾಗಲ್ಲ. ಪ್ಯಾರಲಲ್ ಆರ್ (ಎರಡರಲ್ಲಿ ಯಾವುದಾದ್ರೂ ಒಂದು 'ನಿಜ' ಅಂದ ಕೂಡ್ಲೇ 'ನಿಜ' ಅನ್ನೋದು) ಬೇಕು ಅಂದ್ರೆ ಎರಡೂ ಕಡೆ ಕಣ್ಣಿಡ್ಬೇಕಲ್ಲ, ಇರೋದು ಒಂದೇ ಮುಖ್ಯ ಪೋರ್ಟ್. ಅದಕ್ಕೆ ಆಂಬ್ ಅಂತ ಎರಡು ಮುಖ್ಯ ಪೋರ್ಟ್ ಇರೋ ನೋಡ್ ಸೇರಿಸಿದವರೂ ಇದಾರೆ. ಸೇರಿಸಿದ ಕೂಡ್ಲೇ ಕನ್‌ಫ್ಲುಯೆನ್ಸ್ ಹೋಯ್ತು, ಮತ್ತೆ ಯಾವ ರೂಲ್ ಮೊದಲು ಅಂತ ತಲೆ ಕೆಡಿಸ್ಕೋಬೇಕು.